ಗಾಲಿ ನೆಲ ಮುಟ್ಟಿದ ಮೇಲೆ ಕೆಡುವ ಲ್ಯಾಂಡಿಂಗ್: ಹಳೇ ಯುದ್ಧವಿಮಾನದ ಸಿಮ್‌ನಲ್ಲಿ ದೋಷ ಹುಡುಕುವ ಬಗೆ

ಎರಡನೇ ಮಹಾಯುದ್ಧದ ಫೈಟರ್‌ಗಳನ್ನು ಸಿಮ್‌ನಲ್ಲಿ, ಅಂದರೆ ಕಂಪ್ಯೂಟರಿನ ಹಾರಾಟದ ಆಟದಲ್ಲಿ, ಹಾರಿಸುವವರು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಈಗ ಅಲ್ಲಲ್ಲಿ ಸಿಗುತ್ತಾರೆ. ಡಿಸಿಎಸ್, ಐಎಲ್-2, ವಾರ್ ಥಂಡರ್, ಯಾವುದಾದರೊಂದು. ಟೇಕಾಫ್ ಬೇಗ ಕೈಗೆ ಹತ್ತುತ್ತದೆ. ಗುಂಡು ಹೊಡೆಯುವುದೂ ಹೇಗೋ ಬರುತ್ತದೆ. ಇಳಿಸುವುದು ಮಾತ್ರ ಬರುವುದಿಲ್ಲ. ಕೇಳಿದರೆ ಎಲ್ಲರೂ ಹೇಳುವುದು ಒಂದೇ: "ಕೊನೇ ಗಳಿಗೆಯಲ್ಲಿ ಏನೋ ಆಗುತ್ತೆ."

ಕೊನೇ ಗಳಿಗೆಯಲ್ಲಿ ದೋಷ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಅದು ಹುಟ್ಟಿದ್ದು ಅರ್ಧ ನಿಮಿಷ ಹಿಂದೆ, ಇನ್ನೂರು ಅಡಿ ಮೇಲೆ. ಇಲ್ಲವೇ ನಿಮ್ಮ ಮೇಜಿನ ಮೇಲೆ, ಜಾಯ್‌ಸ್ಟಿಕ್‌ನ ಹೊಟ್ಟೆಯೊಳಗೆ. ಹಾಗಾಗಿ ಕೆಟ್ಟ ಜಾಗವನ್ನೇ ದಿಟ್ಟಿಸುತ್ತಾ ಕೂರಬೇಡಿ, ಅಲ್ಲಿಂದ ಹಿಂದಕ್ಕೆ ನಡೆಯಿರಿ.

ಹುಡುಕುವ ಮೊದಲು ಮೈದಾನ ಸಮ ಮಾಡಿಕೊಳ್ಳಿ. ಒಂದೇ ವಿಮಾನ, ಒಂದೇ ಏರ್‌ಫೀಲ್ಡ್, ಗಾಳಿ ಸೊನ್ನೆ, ಹಗಲು, ಇಂಧನ ಅರ್ಧಕ್ಕಿಂತ ಕಡಿಮೆ, ಬಾಂಬ್ ಗೀಂಬ್ ಏನೂ ಇಲ್ಲ. ಡಿಸಿಎಸ್ ಆದರೆ ಬಲಗಡೆಯ ಕಂಟ್ರೋಲ್ ಕೀ ಜೊತೆ ಎಂಟರ್ ಒತ್ತಿ. ಸ್ಟಿಕ್, ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ), ಥ್ರಾಟಲ್ (ಎಂಜಿನ್ ಶಕ್ತಿಯ ಲಿವರ್), ಬ್ರೇಕ್ ಎಲ್ಲೆಲ್ಲಿವೆ ಎಂದು ತೋರಿಸುವ ಚಿಕ್ಕ ಚೌಕ ಪರದೆಯ ಮೇಲೆ ಬರುತ್ತದೆ. ಈ ಚೌಕ ತೆರೆದಿಡದೆ ದೋಷ ಹುಡುಕುವುದು ಸುಮ್ನೆ ಹೊತ್ತು ಕಳೆದ ಹಾಗೆ. ನಿಮ್ಮ ಕೈ ಏನು ಮಾಡಿತು ಎಂದು ನೀವು ನೆನಪಿಟ್ಟುಕೊಂಡಿದ್ದಕ್ಕೂ ನಿಜವಾಗಿ ಮಾಡಿದ್ದಕ್ಕೂ ಸಂಬಂಧವೇ ಇರುವುದಿಲ್ಲ ಅನ್ನೋದು ಆಗ ಗೊತ್ತಾಗುತ್ತದೆ.

ಮೊದಲು ಮೇಜು, ಆಮೇಲೆ ವಿಮಾನ

ಸಿಮ್ ಮುಚ್ಚಿ. ವಿಂಡೋಸ್‌ನಲ್ಲಿ ಗೇಮ್ ಕಂಟ್ರೋಲರ್ ಪರೀಕ್ಷಿಸುವ ಕಿಟಕಿ ಒಂದಿದೆ, ಅದನ್ನು ತೆರೆಯಿರಿ. ಸ್ಟಿಕ್‌ನಿಂದ ಕೈ ತೆಗೆಯಿರಿ. ಗುರುತು ನಿಂತಲ್ಲೇ ನಿಂತಿದೆಯಾ? ನಡುಗುತ್ತಿದೆಯಾ? ನಡುವಿನಿಂದ ಒಂದು ಕಡೆ ವಾಲಿದೆಯಾ?

ನಮ್ಮ ಕಡೆ ಇದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಯಿಲೆ. ಕಡಿಮೆ ಬೆಲೆಯ ಸ್ಟಿಕ್, ಪೆಡಲ್‌ಗಳ ಒಳಗೆ ಪೊಟೆನ್ಶಿಯೋಮೀಟರ್ ಇರುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ಗುಬ್ಬಿಯಲ್ಲಿ ಇರುತ್ತಿತ್ತಲ್ಲ, ಅದೇ ಜಾತಿ. ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜುತ್ತಾ ಹೋಗುತ್ತದೆ. ಮಳೆಗಾಲದ ತೇವ, ಅದರ ಮೇಲೆ ಧೂಳು, ಎರಡೂ ಸೇರಿದರೆ ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ. ಸ್ಟಿಕ್ ಅಲ್ಲಾಡಿಸದಿದ್ದರೂ ಗುರುತು ಹಾರುತ್ತದೆ. ಹತ್ತು ಸಾವಿರ ಅಡಿಯಲ್ಲಿ ಅದು ನಿಮಗೆ ತಿಳಿಯುವುದೂ ಇಲ್ಲ. ನೆಲದಿಂದ ನಾಲ್ಕು ಅಡಿ ಮೇಲೆ ಅದೇ ಚಿಕ್ಕ ಜಿಗಿತ ಮೂತಿಯನ್ನು ಮಣ್ಣಿಗೆ ಹೊಡೆಸುತ್ತದೆ. ಹಾಲ್ ಸೆನ್ಸರ್ ಇರುವ ಸ್ಟಿಕ್‌ಗಳಲ್ಲಿ ಆಯಸ್ಕಾಂತದಿಂದ ಅಳೆಯುವುದರಿಂದ ಈ ಉಜ್ಜಾಟ ಇಲ್ಲ.

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸಿಗುತ್ತದೆ. ಯುಎಸ್‌ಬಿ ಕಳಚಿ, ತಳದ ಸ್ಕ್ರೂ ಬಿಚ್ಚಿ, ಪೊಟೆನ್ಶಿಯೋಮೀಟರ್‌ನ ಸಂದಿಗೆ ಸ್ವಲ್ಪ ಬಿಟ್ಟು, ಆ ಕಡೆ ಈ ಕಡೆ ಚೆನ್ನಾಗಿ ತಿರುಗಿಸಿ, ಪೂರ್ತಿ ಒಣಗಿಸಿ. ಮನೆಯಲ್ಲಿ ಇದೆ ಅಂತ ಹೊಲಿಗೆ ಮೆಷಿನ್ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಾಕಬೇಡಿ, ಧೂಳು ಅಲ್ಲೇ ಮೆತ್ತಿಕೊಳ್ಳುತ್ತದೆ. ಸ್ಕ್ರೂ ಬಿಚ್ಚಿದ ಹೊತ್ತಿನಲ್ಲಿ ಇರುವೆ ಗೂಡು ಇದೆಯಾ ಅಂತಲೂ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಹಾರಿಸದೆ ಇರುವಾಗ ಸ್ಟಿಕ್ಕನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿಟ್ಟರೆ ಮಳೆಗಾಲ ದಾಟುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಬಹಳ ಜನ ಮಾಡುವುದಿಲ್ಲ. ತಿರುಚಿದರೆ ರಡ್ಡರ್ ಆಗುವ ಸ್ಟಿಕ್ ನಿಮ್ಮದಾಗಿದ್ದರೆ, ಅದೇ ಕಿಟಕಿಯಲ್ಲಿ ರಡ್ಡರ್ ಪಟ್ಟಿಯ ಮೇಲೆ ಕಣ್ಣಿಟ್ಟು ಸ್ಟಿಕ್ಕನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಪಟ್ಟಿ ಅಲ್ಲಾಡುತ್ತದೆ. ಹಿಂದಕ್ಕೆ ಎಳೆಯುವಾಗ ಮಣಿಕಟ್ಟು ತಾನಾಗಿಯೇ ಸ್ವಲ್ಪ ತಿರುಗುತ್ತದೆ. ಅಂದರೆ ನೆಲದ ಹತ್ತಿರ ಮೂತಿ ಎತ್ತಿದಾಗಲೆಲ್ಲ ನೀವು ರಡ್ಡರ್ ಕೂಡ ಕೊಡುತ್ತಿದ್ದೀರಿ, ನಿಮಗೇ ಗೊತ್ತಿಲ್ಲದೆ. ವಿಮಾನ ಓರೆಯಾಗಿ ನೆಲ ಮುಟ್ಟುತ್ತದೆ. ಇದಕ್ಕೆ ರಡ್ಡರ್‌ಗೆ 3ರಿಂದ 5 ಶೇಕಡಾ ಡೆಡ್‌ಝೋನ್ (ಅಲ್ಲಾಡಿಸಿದರೂ ಸಿಮ್ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ) ಸಾಕು. ಜಾಸ್ತಿ ಕೊಟ್ಟರೆ ಬೇರೆ ಕಷ್ಟ ಶುರು. ತಿರುಚಿದರೂ ಮೊದಲು ಏನೂ ಆಗುವುದಿಲ್ಲ, ಇನ್ನಷ್ಟು ತಿರುಚುತ್ತೀರಿ, ಆಮೇಲೆ ಒಮ್ಮೆಲೇ ಆಗಿಬಿಡುತ್ತದೆ.

ಕರ್ವ್, ಅಂದರೆ ಸ್ಟಿಕ್ ಎಷ್ಟು ಸರಿದರೆ ವಿಮಾನ ಎಷ್ಟು ಕೇಳಬೇಕು ಅನ್ನುವ ಸೆಟ್ಟಿಂಗ್, ಅದರ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಪಿಚ್‌ಗೆ (ಮೂತಿ ಮೇಲೆ ಕೆಳಗೆ ಮಾಡುವುದಕ್ಕೆ) ದೊಡ್ಡ ಕರ್ವ್ ಹಾಕಿ ಅಂತ ಸಲಹೆ ಕೊಡುವವರು ಗುರಿ ಹಿಡಿಯುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ. ಕರ್ವ್ ಹಾಕಿದರೆ ನಡುವೆ ಮೆತ್ತಗಾಗುತ್ತದೆ ನಿಜ. ಆದರೆ ನಡುವೆ ತೆಗೆದದ್ದನ್ನು ತುದಿಯಲ್ಲಿ ಸೇರಿಸಲೇಬೇಕಲ್ಲ. ಇಳಿಯುವಾಗ ಸ್ಟಿಕ್ ಇರುವುದು ನಡುವೆ ಅಲ್ಲ, ಹಿಂದಿನ ಅರ್ಧದಲ್ಲಿ. ಅಲ್ಲೇ ವಿಮಾನ ಚಿಟಿಕೆ ಹೊಡೆದರೆ ಎಗರುವಷ್ಟು ಚುರುಕಾಗಿ ಕೂತಿರುತ್ತದೆ. 15ರ ಆಸುಪಾಸು ಇಟ್ಟುಕೊಳ್ಳಿ, ಮೂತಿ ಎತ್ತುವಾಗ ತೊನೆದಾಡುತ್ತಿದ್ದರೆ ಇನ್ನೂ ಇಳಿಸಿ.

ರಡ್ಡರ್‌ಗೆ ಕಾಲಿನ ಪೆಡಲ್ ಇರುವವರಿಗೆ ಒಂದು ಮಾತು. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಕನ್ನಡಿ ಹಾಗೆ ನುಣುಪು. ಬ್ರೇಕ್ ಒತ್ತಿದರೆ ಪೆಡಲ್ ಮುಂದಕ್ಕೆ ಜಾರುತ್ತದೆ, ಗಾಲಿ ಇರುವ ಕುರ್ಚಿ ಹಿಂದಕ್ಕೆ. ಪೆಡಲ್ ಹಿಂದೆ ಗೋಡೆಯವರೆಗೆ ಒಂದು ರೀಪು ಕೊಡಿ. ಕುರ್ಚಿಗೆ ಗಾಲಿ ಇಲ್ಲದ್ದೇ ವಾಸಿ.

ನೆಲ ಮುಟ್ಟಿ ಮತ್ತೆ ಮೇಲಕ್ಕೆ ಎಗರುತ್ತದೆ

ಎಲ್ಲರಿಗೂ ಬರುವ ದೋಷ ಇದು. ಮುಟ್ಟಿತು, ಎದ್ದಿತು, ಮತ್ತೆ ಮುಟ್ಟಿತು, ಇನ್ನೂ ಎತ್ತರಕ್ಕೆ ಎದ್ದಿತು, ಮೂರನೇ ಸಲಕ್ಕೆ ಪ್ರೊಪೆಲ್ಲರ್ ನೆಲಕ್ಕೆ.

ಇಲ್ಲಿ ಎರಡು ಬೇರೆ ಬೇರೆ ದೋಷ ಸೇರಿಕೊಂಡಿವೆ. ಮೊದಲ ಎಗರು ವೇಗದ್ದು. ಎರಡನೆಯದು, ಮೂರನೆಯದು ನಿಮ್ಮ ಕೈಯವು.

ಸೋಗಾನೆಯ ಕುವೆಂಪು ವಿಮಾನ ನಿಲ್ದಾಣಕ್ಕೆ ಬರುವ ಎಟಿಆರ್ ಪ್ರಯಾಣಿಕ ವಿಮಾನ ನೋಡಿರುತ್ತೀರಿ. ಅದಕ್ಕೆ ಮೂತಿಯ ಕೆಳಗೆ ಒಂದು ಜೋಡಿ ಚಿಕ್ಕ ಗಾಲಿ, ದೊಡ್ಡ ಗಾಲಿಗಳು ಹಿಂದೆ. ಭಾರದ ಕೇಂದ್ರ ದೊಡ್ಡ ಗಾಲಿಗಳಿಗಿಂತ ಮುಂದಿದೆ. ದೊಡ್ಡ ಗಾಲಿ ತಾಗಿದ ಕೂಡಲೇ ಮೂತಿ ತಾನಾಗಿಯೇ ಕೆಳಗೆ ಬೀಳುತ್ತದೆ, ರೆಕ್ಕೆಯ ಎತ್ತುವ ಶಕ್ತಿ ಕುಗ್ಗುತ್ತದೆ, ವಿಮಾನ ನೆಲಕ್ಕೆ ಅಂಟಿಕೊಳ್ಳುತ್ತದೆ. ಸ್ಪಿಟ್‌ಫೈರ್, ಮುಸ್ಟಾಂಗ್, ಮೆಸ್ಸರ್‌ಶ್ಮಿಟ್ 109 ಇವೆಲ್ಲ ಬಾಲದಲ್ಲಿ ಗಾಲಿ ಇರುವ ಜಾತಿ. ಭಾರದ ಕೇಂದ್ರ ದೊಡ್ಡ ಗಾಲಿಗಳ ಹಿಂದೆ. ದೊಡ್ಡ ಗಾಲಿ ತಾಗಿದ ಕೂಡಲೇ ಬಾಲ ಕೆಳಗೆ ಬೀಳುತ್ತದೆ, ಮೂತಿ ಮೇಲೇಳುತ್ತದೆ, ರೆಕ್ಕೆಯ ಕೋನ ಹೆಚ್ಚುತ್ತದೆ. ಇನ್ನೂ ಹಾರುವಷ್ಟು ವೇಗ ಉಳಿದಿದ್ದರೆ ಹಾರಿಯೇ ಬಿಡುತ್ತದೆ. ಸ್ಪ್ರಿಂಗ್ ಕೆಟ್ಟಿದೆ, ಸಿಮ್ ಸರಿಯಿಲ್ಲ ಅಂತ ಬೈಯುವವರಿದ್ದಾರೆ. ಮುಖ್ಯ ಕಾರಣ ಸ್ಪ್ರಿಂಗ್ ಅಲ್ಲ, ರೆಕ್ಕೆ.

ಹಾಗಾದರೆ ರನ್‌ವೇ ಅಂಚು ದಾಟುವಾಗ ವೇಗದ ಮುಳ್ಳು ಎಲ್ಲಿತ್ತು ಎಂದು ನೋಡಬೇಕು. ಸ್ಪಿಟ್‌ಫೈರ್ 9ನೇ ಮಾದರಿಗೆ ಅಲ್ಲಿ ಗಂಟೆಗೆ 95ರಿಂದ 100 ಮೈಲಿ ಸಾಕು. ಮುಸ್ಟಾಂಗ್ ಡಿ ಕೊನೆಯ ನೇರ ದಾರಿಯಲ್ಲಿ 115ರಿಂದ 120 ಮೈಲಿ ಇದ್ದು, ಗಾಲಿ ತಾಗುವ ಹೊತ್ತಿಗೆ 100ರ ಕೆಳಗೆ ಬಂದಿರಬೇಕು. 109ಕ್ಕೆ ಕೊನೆಯ ದಾರಿಯಲ್ಲಿ ಗಂಟೆಗೆ 200 ಕಿ.ಮೀ. ಆಸುಪಾಸು. ಭಾರ ಜಾಸ್ತಿ ಇದ್ದರೆ ಇವು ಸ್ವಲ್ಪ ಮೇಲೇರುತ್ತವೆ.

ಮೈಲಿ, ಕಿ.ಮೀ. ಗೊಂದಲ ಇಲ್ಲೇ ಬರುವುದು. ಸ್ಪಿಟ್‌ಫೈರ್, ಮುಸ್ಟಾಂಗ್‌ಗಳ ಮುಳ್ಳು ಮೈಲಿಯಲ್ಲಿ ಓಡುತ್ತದೆ. ಜರ್ಮನ್, ರಷ್ಯನ್ ವಿಮಾನಗಳದ್ದು ಕಿ.ಮೀ.ನಲ್ಲಿ. ಅಮೆರಿಕದ ನೌಕಾಪಡೆಯ ಕೋರ್ಸೇರ್‌ನದ್ದು ನಾಟ್‌ನಲ್ಲಿ (ಗಂಟೆಗೆ ಇಷ್ಟು ಸಮುದ್ರ ಮೈಲಿ). ಪರದೆಯ ಮೂಲೆಯ ಅಂಕಿಯನ್ನು ಕಿ.ಮೀ.ಗೆ ಇಟ್ಟುಕೊಂಡು ಸ್ಪಿಟ್‌ಫೈರ್ ಹಾರಿಸುತ್ತಿದ್ದರೆ ಅಲ್ಲಿ 160 ಬಂದಾಗ ಸರಿಯಾದ ವೇಗ. ಅದೇ 160 ಮುಳ್ಳಿನ ಮೇಲೆ ಕಂಡರೆ ಅದು ಗಾಲಿ ಇಳಿಸಲು ಬಿಟ್ಟಿರುವ ಮಿತಿ, ರನ್‌ವೇ ಮೇಲೆ ಹಾರಿಕೊಂಡೇ ಹೋಗುತ್ತೀರಿ.

ಎರಡನೇ ಎಗರಿಗೆ ಬರೋಣ. ಮೊದಲ ಸಲ ಎದ್ದಾಗ ಗಾಬರಿಯಿಂದ ಸ್ಟಿಕ್ ಮುಂದಕ್ಕೆ ತಳ್ಳುತ್ತೀರಿ. ವಿಮಾನ ಮೂತಿ ಕೆಳಗೆ ಮಾಡುವ ಹೊತ್ತಿಗೆ ಅದಾಗಲೇ ಇಳಿಯುತ್ತಿರುತ್ತದೆ. ಎರಡೂ ಸೇರಿ ಜೋರಾಗಿ ಬಡಿಯುತ್ತದೆ. ಈಗ ಎಳೆಯುತ್ತೀರಿ, ಅದು ಎಗರುವ ಗಳಿಗೆಗೆ ಸರಿಯಾಗಿ ಕೂಡುತ್ತದೆ. ಪ್ರತಿ ಸಲವೂ ನಿಮ್ಮ ಕೈ ಅರ್ಧ ಸೆಕೆಂಡು ತಡ. ಕಂಟ್ರೋಲ್ ಚೌಕದ ಜೊತೆ ರಿಪ್ಲೇ ನೋಡಿದರೆ ಸ್ಟಿಕ್ಕಿನ ಗುರುತು ಮೇಲೆ ಕೆಳಗೆ ಕುಣಿಯುವುದು, ವಿಮಾನ ಅದಕ್ಕೆ ಉಲ್ಟಾ ಕುಣಿಯುವುದು ಚೆಂದ ಕಾಣುತ್ತದೆ.

ಚಿಕ್ಕ ಎಗರಾದರೆ ಸ್ಟಿಕ್ ಇದ್ದಲ್ಲೇ ಹಿಡಿಯಿರಿ. ಏನೂ ಮಾಡಬೇಡಿ. ತಾನಾಗಿ ಕೂರುತ್ತದೆ. ಒಂದಾಳೆತ್ತರ ಎದ್ದರೆ ಥ್ರಾಟಲ್ ಸ್ವಲ್ಪವೇ ಕೊಟ್ಟು ಬೀಳುವ ವೇಗ ತಗ್ಗಿಸಿ. ಅದಕ್ಕೂ ಮೇಲೆ ಎದ್ದರೆ ಉಳಿಸುವ ಆಸೆ ಬಿಡಿ, ಮತ್ತೊಂದು ಸುತ್ತು ಹೋಗಿ.

ರನ್‌ವೇ ಮೇಲೆ ತೇಲುತ್ತಲೇ ಇರುತ್ತದೆ, ಕೂರುವುದೇ ಇಲ್ಲ ಅನ್ನುವ ದೂರೂ ಇದೇ ಮನೆಯದು. ನೆಲದಿಂದ ಅರ್ಧ ರೆಕ್ಕೆಯಗಲದಷ್ಟು ಎತ್ತರಕ್ಕೆ ಬಂದರೆ ಗಾಳಿಯ ಎಳೆತ ಕಡಿಮೆಯಾಗುತ್ತದೆ. ಸ್ಪಿಟ್‌ಫೈರ್‌ನ ರೆಕ್ಕೆಯಗಲ 11 ಮೀಟರ್ ಚಿಲ್ಲರೆ, ಅಂದರೆ ಐದಾರು ಮೀಟರ್‌ನಿಂದಲೇ ಈ ತೇಲಾಟ ಶುರು. ವೇಗ ಹತ್ತು ಮೈಲಿ ಜಾಸ್ತಿ ತಂದಿದ್ದರೆ ಅದು ಕರಗುವವರೆಗೆ ರನ್‌ವೇ ಓಡಿಹೋಗಿರುತ್ತದೆ. ಥ್ರಾಟಲ್ ನಿಜವಾಗಿ ಸೊನ್ನೆಗೆ ಬಂದಿದೆಯಾ ಅಂತಲೂ ನೋಡಿ. ನಿಮ್ಮ ಲಿವರ್ ತಳಕ್ಕೆ ತಾಗಿದ್ದರೂ ಒಳಗಿನ ಅಳತೆ 4 ಶೇಕಡಾದಲ್ಲಿ ನಿಂತಿದ್ದರೆ ಎಂಜಿನ್ ಎಳೆಯುತ್ತಲೇ ಇರುತ್ತದೆ.

ನೆಲದ ಮೇಲೆ ಓಡುವಾಗ ಗಿರಕಿ ಹೊಡೆಯುತ್ತದೆ

ಹಳೇ ವಿಮಾನಗಳ ನಿಜವಾದ ಪರೀಕ್ಷೆ ಇಲ್ಲಿರುವುದು. ಅಡಿಕೆ ಮೂಟೆ ತುಂಬಿದ ಟ್ರೇಲರನ್ನು ಟ್ರ್ಯಾಕ್ಟರ್‌ನಲ್ಲಿ ರಿವರ್ಸ್ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ರೇಲರ್ ಸ್ವಲ್ಪ ಓರೆಯಾದರೆ ಇನ್ನಷ್ಟು ಓರೆಯಾಗಲು ನೋಡುತ್ತದೆ, ತಾನಾಗಿ ನೆಟ್ಟಗಾಗುವುದಿಲ್ಲ. ಭಾರದ ಕೇಂದ್ರ ಗಾಲಿಗಳ ಹಿಂದೆ ಇರುವ ವಿಮಾನವೂ ಅಷ್ಟೇ. ಬಾಲಕ್ಕೆ ಮೂತಿಯನ್ನು ಹಿಂದೆ ಹಾಕುವ ಚಪಲ. ಆರಂಭದಲ್ಲಿ ಒಂದು ಡಿಗ್ರಿ. ಆಗ ಹಿಡಿದರೆ ಕಾಲ ತುದಿಯಲ್ಲಿ ಸರಿಯಾಗುತ್ತದೆ. ಹತ್ತು ಡಿಗ್ರಿ ಆದ ಮೇಲೆ ಪೂರ್ತಿ ರಡ್ಡರ್ ಕೊಟ್ಟರೂ ಕೇಳುವುದಿಲ್ಲ.

ಹುಡುಕಬೇಕಾದ ಮೊದಲ ಜಾಗ ಬಾಲದ ಗಾಲಿ. ಪ್ರತಿ ವಿಮಾನಕ್ಕೂ ಇದು ಬೇರೆ, ಮತ್ತು ಜನ ಓದದೇ ಬಿಡುವುದೂ ಇದನ್ನೇ. ಮುಸ್ಟಾಂಗ್‌ನಲ್ಲಿ ಸ್ಟಿಕ್ ಹಿಂದಕ್ಕೆ ಎಳೆದಿದ್ದರೆ ಬಾಲದ ಗಾಲಿಗೆ ಲಾಕ್ ಬೀಳುತ್ತದೆ. ಆಗ ರಡ್ಡರ್ ಜೊತೆ ಎಡಕ್ಕೆ 6, ಬಲಕ್ಕೆ 6 ಡಿಗ್ರಿ ಮಾತ್ರ ತಿರುಗುತ್ತದೆ. ಸ್ಟಿಕ್ ಮುಂದಕ್ಕೆ ತಳ್ಳಿದರೆ ಲಾಕ್ ಬಿಟ್ಟುಕೊಂಡು ಬೇಕಾದ ಹಾಗೆ ಸುತ್ತುತ್ತದೆ. ಫೋಕೆ ವುಲ್ಫ್ 190ರಲ್ಲೂ ಸ್ಟಿಕ್ ಹಿಂದೆ ಎಳೆದರೆ ಲಾಕ್. 109ರ ಕೆ-4 ಮಾದರಿಯಲ್ಲಿ, ಥಂಡರ್‌ಬೋಲ್ಟ್‌ನಲ್ಲಿ, ಕೋರ್ಸೇರ್‌ನಲ್ಲಿ ಇದಕ್ಕೆ ಬೇರೆ ಲಿವರ್ ಇದೆ, ಇಳಿಯುವ ಮೊದಲೇ ಹಾಕಿರಬೇಕು. ಸ್ಪಿಟ್‌ಫೈರ್‌ಗೆ ಲಾಕೇ ಇಲ್ಲ. ಅದರಲ್ಲಿ ನೇರ ಓಡಿಸುವುದೆಲ್ಲ ಕಾಲಿನ ಕೆಲಸ.

ಎರಡನೇ ಜಾಗ ಬ್ರೇಕ್. ಪೆಡಲ್‌ನ ಬ್ರೇಕ್ ಆಕ್ಸಿಸ್ (ಒತ್ತಿದಷ್ಟೂ ಏರುವ ಅಳತೆ) ಎಷ್ಟೋ ಸಲ ಸಿಮ್‌ನಲ್ಲಿ ಉಲ್ಟಾ ಕೂತಿರುತ್ತದೆ. ಕಾಲು ಇಡದಿದ್ದಾಗ ಪೂರ್ತಿ ಬ್ರೇಕ್, ಒತ್ತಿದಾಗ ಬಿಡುಗಡೆ. ಇನ್‌ವರ್ಟ್ ಗುರುತು ಹಾಕಿದರೆ ಆಯಿತು. ಕಷ್ಟ ಕೊಡುವುದು ಇದಕ್ಕಿಂತ ಸಣ್ಣದು: ಒಂದೇ ಕಡೆ, ಸ್ವಲ್ಪವೇ ಸ್ವಲ್ಪ ಹಿಡಿದುಕೊಂಡಿರುವ ಬ್ರೇಕ್.

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗನ ಜೊತೆ ಫೋನಿನಲ್ಲಿ ಇದನ್ನು ಹುಡುಕಿದ್ದು ಹೀಗೆ.

"ಅಣ್ಣಾ, ಮುಸ್ಟಾಂಗ್ ಚೆಂದ ಇಳೀತದೆ. ಅರ್ಧ ರನ್‌ವೇ ಓಡಿದ ಮೇಲೆ ಎಡಕ್ಕೆ ಗಿರ್ರಂತ ತಿರುಗಿ ಬಿಡ್ತದೆ. ಎಂತ ಮಾಡಿದ್ರೂ ನಿಲ್ಲಲ್ಲ."

"ಯಾವಾಗಲೂ ಎಡಕ್ಕೇನಾ?"

"ಯಾವಾಗ್ಲೂ."

"ಓಡುವಾಗ ಸ್ಟಿಕ್ ಎಲ್ಲಿರ್ತದೆ?"

"ಎದುರು ಏನೂ ಕಾಣಲ್ಲಲ್ಲಣ್ಣಾ, ಮೂತಿ ಅಡ್ಡ. ಅದಕ್ಕೆ ಸ್ವಲ್ಪ ಮುಂದೆ ತಳ್ತೀನಿ."

ಮೊದಲನೆಯದು ಸಿಕ್ಕಿತು. ತಳ್ಳಿದ ಕೂಡಲೇ ಬಾಲದ ಲಾಕ್ ಹೋಗಿದೆ. ಬಾಲ ನೆಲಕ್ಕೆ ಕೂತ ಮೇಲೆ ಸ್ಟಿಕ್ ಹೊಟ್ಟೆಗೆ ತಾಗುವಷ್ಟು ಎಳೆದು ಹಿಡಿ, ಮೂತಿಯ ಎರಡೂ ಪಕ್ಕದಲ್ಲಿ ಕಾಣುವ ರನ್‌ವೇ ಅಂಚು ನೋಡಿಕೊಂಡು ಓಡಿಸು ಅಂದೆ. ಮಾಡಿದ. ಗಿರಕಿ ನಿಂತಿತು. ಆದರೆ ಮೆತ್ತಗೆ ಎಡಕ್ಕೆ ಎಳೆಯುವುದು ಉಳಿಯಿತು, ಕೊನೆಗೆ ಹುಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಬರೀ ಬಾಲದ ಗಾಲಿಯ ತಪ್ಪಾಗಿದ್ದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಬೇಕಿತ್ತು. ಯಾವಾಗಲೂ ಒಂದೇ ಕಡೆ ಅಂದರೆ ಅಲ್ಲಿ ಇನ್ನೊಂದು ಕಾರಣ ಇದೆ ಅಂತಲೇ ಅರ್ಥ.

"ಪೆಡಲ್‌ನಿಂದ ಕಾಲು ತೆಗಿ. ಚೌಕದಲ್ಲಿ ಬ್ರೇಕಿನ ಎರಡು ಗೆರೆ ನೋಡು. ಎರಡೂ ಸೊನ್ನೆಯಲ್ಲಿದ್ಯಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಎಡಗಡೆದು ಒಂಚೂರು ಎದ್ದಿದೆ ಅಣ್ಣಾ. ಕೂದಲೆಳೆಯಷ್ಟು."

ಆ ಕೂದಲೆಳೆ ಸಾಕು. ಎಡ ಬ್ರೇಕಿನ ಆಕ್ಸಿಸ್‌ಗೆ ಸ್ಲೈಡರ್ ಅಂತ ಗುರುತು ಹಾಕಿ, ಆರಂಭದಲ್ಲಿ ಚಿಕ್ಕ ಡೆಡ್‌ಝೋನ್ ಕೊಟ್ಟ ಮೇಲೆ ವಿಮಾನ ನೆಟ್ಟಗೆ ಓಡಿತು. ಮಳೆ ನಿಂತ ಮೇಲೆ ಪೆಡಲ್ ಬಿಚ್ಚಿ ಒರೆಸುತ್ತೇನೆ ಅಂದ.

ಸ್ಪಿಟ್‌ಫೈರ್‌ನ ಬ್ರೇಕ್ ಬೇರೆ ಥರ. ಗಾಳಿಯ ಒತ್ತಡದಿಂದ ನಡೆಯುವ ಬ್ರೇಕ್, ಸ್ಟಿಕ್ಕಿನ ಹಿಡಿಯಲ್ಲಿ ಒಂದೇ ಲಿವರ್. ಯಾವ ಗಾಲಿಗೆ ಎಷ್ಟು ಬ್ರೇಕ್ ಹೋಗಬೇಕು ಅನ್ನುವುದನ್ನು ರಡ್ಡರ್ ಪೆಡಲ್ ತೀರ್ಮಾನಿಸುತ್ತದೆ. ಹರಿಕೇನ್, ರಷ್ಯಾದ ಯಾಕ್‌ಗಳಲ್ಲೂ ಇದೇ ಏರ್ಪಾಡು. ಇದರ ಪರಿಣಾಮ ಏನು ಗೊತ್ತಾ? ಬ್ರೇಕ್ ಹಿಡಿದುಕೊಂಡೇ ರಡ್ಡರ್ ಪೂರ್ತಿ ಒತ್ತಿದರೆ ಒಂದೇ ಗಾಲಿ ಕಚ್ಚಿಕೊಳ್ಳುತ್ತದೆ. ನೇರ ಮಾಡಲು ಹೋಗಿ ಇನ್ನೊಂದು ಕಡೆ ಗಿರಕಿ. ಮೊದಲು ರಡ್ಡರ್‌ನಿಂದ ನೇರ ಮಾಡಿ, ರಡ್ಡರ್ ನಡುವೆ ತಂದು, ಆಮೇಲೆ ಬ್ರೇಕನ್ನು ಮುಟ್ಟಿ ಮುಟ್ಟಿ ಬಿಡಿ.

ಗಾಲಿಗಳು ಹತ್ತಿರ ಹತ್ತಿರ ಇರುವುದರಿಂದಲೇ 109 ಗಿರಕಿ ಹೊಡೆಯುತ್ತದೆ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೀರಿ. ಪೂರ್ತಿ ಸರಿಯಲ್ಲ. ಸ್ಪಿಟ್‌ಫೈರ್‌ನ ಗಾಲಿಗಳು ಇನ್ನೂ ಹತ್ತಿರ ಇವೆ. 109ರ ಕಾಲುಗಳು ವಿಮಾನದ ಮೈಗೆ ಜೋಡಿಸಿದವು, ರೆಕ್ಕೆಗೆ ಅಲ್ಲ. ರೆಕ್ಕೆ ಕಳಚಿದರೂ ವಿಮಾನ ತನ್ನ ಕಾಲ ಮೇಲೆ ನಿಲ್ಲಲಿ ಅಂತ ಆ ವಿನ್ಯಾಸ. ಹಾಗಾಗಿ ಕಾಲುಗಳು ಹೊರಕ್ಕೆ ಚಾಚಿಕೊಂಡಿವೆ, ಗಾಲಿಗಳೂ ಓರೆ. ಓರೆಯಾಗಿ ಒಂದೇ ಗಾಲಿ ಮೇಲೆ ಭಾರ ಬಿದ್ದರೆ ಆ ಗಾಲಿ ತನ್ನ ದಿಕ್ಕಿಗೇ ಎಳೆದುಕೊಂಡು ಹೋಗುತ್ತದೆ. ಸಿಮ್‌ನಲ್ಲಿ ಇದಕ್ಕೆ ಇರುವ ಮದ್ದು, ಮೂರೂ ಗಾಲಿ ಒಟ್ಟಿಗೆ, ಒಂಚೂರೂ ಓರೆಯಿಲ್ಲದೆ ಇಳಿಸುವುದು. ಇಳಿಯುವ ಮೊದಲು ಚೆಂಡು (ವಿಮಾನ ಓರೆಯಾಗಿ ಜಾರುತ್ತಿದೆಯಾ ಎಂದು ತೋರಿಸುವ, ಗಾಜಿನ ಕೊಳವೆಯಲ್ಲಿ ಉರುಳುವ ಗುಂಡು) ನಡುವೆ ಇದೆಯಾ ನೋಡಿ. ಹಾರುವಾಗ ರಡ್ಡರ್ ಟ್ರಿಮ್ (ಕಾಲು ಒತ್ತದೆಯೇ ರಡ್ಡರನ್ನು ಒಂದು ಕಡೆ ನಿಲ್ಲಿಸುವ ಏರ್ಪಾಡು) ತಿರುಗಿಸುವ ಸೌಲಭ್ಯ 109ರಲ್ಲಿ ಇಲ್ಲ, ಆದ್ದರಿಂದ ಕಾಲು ಸದಾ ಕೆಲಸ ಮಾಡುತ್ತಿರಬೇಕು.

ಕಲಿಯಲು ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ಹರಿಕೇನ್ ಅಥವಾ ಫೋಕೆ ವುಲ್ಫ್ ಅನ್ನುತ್ತೇನೆ. ಎರಡರದ್ದೂ ಅಗಲ ಕಾಲು. ಹರಿಕೇನ್ ನಮ್ಮ ವಾಯುಪಡೆಯೂ ಬರ್ಮಾ ಯುದ್ಧದಲ್ಲಿ ಹಾರಿಸಿದ ವಿಮಾನ. ಚೆಂದ ಕಾಣುತ್ತದೆ ಅಂತ ಎಲ್ಲರೂ ಸ್ಪಿಟ್‌ಫೈರ್ ಹತ್ತುತ್ತಾರೆ, ತಡೆಯಲು ಆಗುವುದಿಲ್ಲ.

ನೆಲದ ಹತ್ತಿರ ಒಂದು ರೆಕ್ಕೆ ದೊಪ್ಪೆಂದು ಬೀಳುತ್ತದೆ

ಎಗರುವ ದೋಷಕ್ಕೆ ಪೂರ್ತಿ ತದ್ವಿರುದ್ಧ. ಇಲ್ಲಿ ವೇಗ ಕಡಿಮೆ. ಅಥವಾ ವೇಗ ಸರಿಯಿದ್ದು, ನೀವು ಹತ್ತು ಅಡಿ ಮೇಲೆಯೇ ಮೂತಿ ಎತ್ತಿ ನಿಲ್ಲಿಸಿದ್ದೀರಿ. ಗಾಳಿ ರೆಕ್ಕೆಯನ್ನು ಬಿಟ್ಟಾಗ ಎರಡೂ ರೆಕ್ಕೆ ಒಟ್ಟಿಗೆ ಬಿಡುವುದಿಲ್ಲ. ಚೆಂಡು ನಡುವೆ ಇಲ್ಲದಿದ್ದರೆ ಒಂದು ಕಡೆ ಮೊದಲು. ಕೋರ್ಸೇರ್‌ನಲ್ಲಿ ಎಡರೆಕ್ಕೆ ಮೊದಲು ಬೀಳುವುದು ಎಷ್ಟು ಕುಖ್ಯಾತವಾಗಿತ್ತು ಎಂದರೆ, ಬಲರೆಕ್ಕೆಯ ಮುಂದಂಚಿಗೆ ಒಂದು ಚಿಕ್ಕ ಪಟ್ಟಿ ಅಂಟಿಸಿ ಅದೂ ಜೊತೆಗೇ ಬೀಳುವಂತೆ ಮಾಡಿದರು.

ಬಿದ್ದ ರೆಕ್ಕೆ ಎತ್ತಲು ಸ್ಟಿಕ್ಕನ್ನು ಪಕ್ಕಕ್ಕೆ ಒತ್ತಿದರೆ ಇನ್ನೂ ಕೆಡುತ್ತದೆ. ಕೆಳಗಿಳಿದ ಏಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆ ತುದಿಯ ಹಲಗೆ) ಆ ರೆಕ್ಕೆಯ ಕೋನವನ್ನು ಹೆಚ್ಚಿಸಿಬಿಡುತ್ತದೆ. ಎಳೆದ ಸ್ಟಿಕ್ ಸ್ವಲ್ಪ ಸಡಿಲಿಸಿ, ಎದುರು ಕಡೆಯ ರಡ್ಡರ್ ಕೊಡಿ.

ಮತ್ತೊಂದು ಸುತ್ತು ಹೋಗಲು ಥ್ರಾಟಲ್ ಒಮ್ಮೆಲೇ ತುದಿಗೆ ತಳ್ಳಿದಾಗಲೂ ಹೀಗೇ ಆಗುತ್ತದೆ. ಸ್ಪಿಟ್‌ಫೈರ್, ಮುಸ್ಟಾಂಗ್‌ಗಳ ಮರ್ಲಿನ್ ಎಂಜಿನ್ ಪ್ರೊಪೆಲ್ಲರನ್ನು ಕಾಕ್‌ಪಿಟ್‌ನಿಂದ ನೋಡಿದರೆ ಬಲಕ್ಕೆ ತಿರುಗಿಸುತ್ತದೆ, ವಿಮಾನ ಎಡಕ್ಕೆ ಮಗುಚಲು ನೋಡುತ್ತದೆ. ವೇಗ ಕಡಿಮೆ ಇರುವಾಗ ಏಲರಾನ್‌ಗೆ ಅದನ್ನು ತಡೆಯುವ ತ್ರಾಣ ಇಲ್ಲ. ಮೂರು ನಾಲ್ಕು ಎಣಿಸುವಷ್ಟು ಹೊತ್ತಿನಲ್ಲಿ ಥ್ರಾಟಲ್ ಏರಿಸಿ, ಬಲಗಾಲು ಜೊತೆಗೇ ಹೋಗಲಿ. ಪ್ರೊಪೆಲ್ಲರ್ ಪಿಚ್ (ಪ್ರೊಪೆಲ್ಲರ್ ಅಲಗುಗಳ ಕೋನ ಬದಲಿಸುವ ಲಿವರ್) ಇಳಿಯುವ ಮೊದಲೇ ಮುಂದಕ್ಕೆ ತಂದಿಟ್ಟಿರಬೇಕು, ಇಲ್ಲದಿದ್ದರೆ ಬೇಕಾದಾಗ ಎಂಜಿನ್‌ಗೆ ಉಸಿರೇ ಇರುವುದಿಲ್ಲ.

ಮುಸ್ಟಾಂಗ್‌ನಲ್ಲಿ ಮಾತ್ರ ಇನ್ನೊಂದು ನೋಡಬೇಕು. ಪೈಲಟ್‌ನ ಬೆನ್ನ ಹಿಂದೆ 85 ಗ್ಯಾಲನ್‌ನ ಟ್ಯಾಂಕ್ ಇದೆ. ಅದು ತುಂಬಿದ್ದರೆ ಭಾರದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಸ್ಟಿಕ್ ಮುಟ್ಟಿದರೆ ಮೂತಿ ಹಾರುತ್ತದೆ. ಅಭ್ಯಾಸಕ್ಕೆ ಅದನ್ನು ಖಾಲಿ ಇಟ್ಟುಕೊಳ್ಳಿ.

ಮೂತಿ ನೆಲಕ್ಕೆ ಕುಟ್ಟಿ ನಿಲ್ಲುತ್ತದೆ

ಕೀಬೋರ್ಡ್ ಕೀಗೋ ಗುಂಡಿಗೋ ಬ್ರೇಕ್ ಕೊಟ್ಟಿದ್ದೀರಿ. ಗುಂಡಿಗೆ ಇರುವುದು ಎರಡೇ ಸ್ಥಿತಿ, ಪೂರ್ತಿ ಇಲ್ಲವೇ ಸೊನ್ನೆ. ಚುಟುಕಾಗಿ ಒತ್ತಿ ಬಿಡಿ, ಅಥವಾ ಯಾವುದಾದರೂ ಖಾಲಿ ಸ್ಲೈಡರ್‌ಗೆ ಬ್ರೇಕ್ ಹಾಕಿ. ಬಾಲ ಮೇಲಿರುವಾಗ ಬ್ರೇಕ್ ಮುಟ್ಟಲೇಬೇಡಿ.

ರನ್‌ವೇ ಕಾಣುವುದೇ ಇಲ್ಲ

ಕಾಣಬೇಕಾಗಿಯೂ ಇಲ್ಲ. ಉದ್ದ ಮೂತಿಯ ವಿಮಾನವನ್ನು ನೇರ ದಾರಿಯಲ್ಲಿ ತಂದರೆ ಕೊನೆಗೆ ಮೂತಿ ಮಾತ್ರ ಕಾಣುತ್ತದೆ. ಸ್ಪಿಟ್‌ಫೈರ್‌ನವರು ಬಾಗಿದ ದಾರಿಯಲ್ಲಿ ಬರುತ್ತಿದ್ದರು. ಬ್ರಿಟಿಷ್ ನೌಕಾಪಡೆ ಕೋರ್ಸೇರನ್ನು ಹಡಗಿನ ಮೇಲೆ ಇಳಿಸಿದ್ದೂ ಹೀಗೇ. ಎಡಕ್ಕೆ ಮೆತ್ತಗೆ ತಿರುಗುತ್ತಾ ಬನ್ನಿ, ರನ್‌ವೇ ಎಡಗಡೆಯ ಗಾಜಿನಲ್ಲಿ ಕಾಣುತ್ತಲೇ ಇರುತ್ತದೆ. ಅಂಚು ದಾಟುವ ಹೊತ್ತಿಗೆ ನೆಟ್ಟಗಾಗಿ.

ಎತ್ತರ ಅಂದಾಜು ಸಿಗದಿದ್ದರೆ ಝೂಮ್ ನೋಡಿ. ಶತ್ರುವನ್ನು ಗುರುತಿಸಲು ಝೂಮ್ ಮಾಡಿದ್ದನ್ನು ಹಾಗೇ ಬಿಟ್ಟಿರುತ್ತೀರಿ. ಝೂಮ್‌ನಲ್ಲಿ ನೆಲ ಹತ್ತಿರ ಬಂದ ಹಾಗೆ ಕಾಣುತ್ತದೆ, ಬೇಗ ಮೂತಿ ಎತ್ತುತ್ತೀರಿ, ಆಗಲೇ ಹೇಳಿದ ರೆಕ್ಕೆ ಬೀಳುವ ಕಥೆ ಶುರು. ಇಳಿಯುವಾಗ ಯಾವಾಗಲೂ ಒಂದೇ ಅಳತೆಯ ನೋಟ ಇಟ್ಟುಕೊಳ್ಳಿ.

ಫ್ಲಾಪ್, ಗಾಲಿ ಇಳಿಯುವುದಿಲ್ಲ

ಹೆಚ್ಚಿನ ಸಲ ಇದು ದೋಷವೇ ಅಲ್ಲ, ವಿಮಾನದ ಸ್ವಭಾವ. ಸ್ಪಿಟ್‌ಫೈರ್ ಫ್ಲಾಪ್‌ಗೆ (ಇಳಿಯುವಾಗ ರೆಕ್ಕೆಯ ಹಿಂದಂಚಿನಿಂದ ಕೆಳಗೆ ಬರುವ ಹಲಗೆಗೆ) ನಡುವಿನ ಹಂತವಿಲ್ಲ, ಮೇಲೆ ಇಲ್ಲವೇ ಪೂರ್ತಿ ಕೆಳಗೆ. ಅದು ನಡೆಯುವುದೂ ಗಾಳಿಯ ಒತ್ತಡದಿಂದ, ಗಾಳಿಯ ಟ್ಯಾಂಕ್‌ಗೆ ಗುಂಡು ಬಿದ್ದು ಒತ್ತಡ ಹೋಗಿದ್ದರೆ ಫ್ಲಾಪೂ ಇಲ್ಲ, ಬ್ರೇಕೂ ಇಲ್ಲ. 109ರಲ್ಲಿ ಫ್ಲಾಪ್‌ಗೆ ಕೈಚಕ್ರ, ಸುತ್ತುತ್ತಲೇ ಇರಬೇಕು. ರಷ್ಯಾದ ಐ-16ರಲ್ಲಿ ಗಾಲಿ ಏರಿಸಲು ಹಿಡಿಯನ್ನು 44 ಸುತ್ತು ತಿರುಗಿಸಬೇಕು, ಇಳಿಸುವಾಗಲೂ ಅದೇ ಹಿಡಿ. ಮುಸ್ಟಾಂಗ್‌ನಲ್ಲಿ ಗಾಲಿಗೆ ಮಿತಿ 170 ಮೈಲಿ, ಪೂರ್ತಿ ಫ್ಲಾಪ್‌ಗೆ 165. ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಇಳಿಸಿದರೆ ಮುರಿದೇ ಹೋಗಬಹುದು.

ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ಇಲ್ಲ

ಇದು ಬೇಸರದ ಜಾತಿ. ವಾರ್ ಥಂಡರ್‌ನಲ್ಲಿ ಮೌಸ್‌ನಿಂದ ಹಾರಿಸುತ್ತಿದ್ದರೆ ಅರ್ಧ ಕೆಲಸ ಆಟವೇ ಮಾಡುತ್ತಿರುತ್ತದೆ, ಅಲ್ಲಿ ಕಲಿತದ್ದು ಸ್ಟಿಕ್‌ಗೆ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಮಾತ್ರ ಕೆಡುತ್ತಿದ್ದರೆ ನೆಟ್‌ವರ್ಕ್ ಮೇಲೆ ಅನುಮಾನ ಪಡಿ, ಆಫ್‌ಲೈನ್‌ನಲ್ಲಿ ಅದೇ ವಿಮಾನ ಇಳಿಸಿ ಹೋಲಿಸಿ. ಏರ್‌ಫೀಲ್ಡ್ ಹತ್ತಿರ ಬಂದಾಗ ಮಾತ್ರ ಚಿತ್ರ ಜರ್ಕ್ ಹೊಡೆದರೆ ಗ್ರಾಫಿಕ್ಸ್ ತಗ್ಗಿಸಿ. ಚಿತ್ರ ತಡವಾದರೆ ಕೈಯೂ ತಡವಾಗುತ್ತದೆ, ಎಗರುವುದಕ್ಕೆ ಅಷ್ಟೇ ಸಾಕು.

ಹಾರಾಟದ ನಡುವೆ ಸ್ಟಿಕ್ ಒಂದು ಕ್ಷಣ ಸತ್ತು ಮತ್ತೆ ಬರುತ್ತಿದ್ದರೆ ವಿಂಡೋಸ್‌ನಲ್ಲಿ ಯುಎಸ್‌ಬಿಗೆ ವಿದ್ಯುತ್ ಉಳಿಸುವ ಆಯ್ಕೆ ತೆಗೆದುಹಾಕಿ, ಹಬ್ ಬಿಟ್ಟು ನೇರ ಕಂಪ್ಯೂಟರಿಗೆ ಚುಚ್ಚಿ. ಹೊಸ ಸಾಧನ ಚುಚ್ಚಿದಾಗ ಡಿಸಿಎಸ್ ತಾನಾಗಿಯೇ ಅದಕ್ಕೂ ಪಿಚ್, ರೋಲ್ (ಪಕ್ಕಕ್ಕೆ ವಾಲುವುದು) ಹಂಚಿಬಿಡುತ್ತದೆ. ಥ್ರಾಟಲ್ ಅಲ್ಲಾಡಿಸಿದರೆ ಮೂತಿ ಎದ್ದರೆ ಇದೇ ಕಾರಣ. ಆಕ್ಸಿಸ್ ಪಟ್ಟಿಯಲ್ಲಿ ಒಂದು ಸಾಲಿಗೆ ಒಂದೇ ಸಾಧನ ಉಳಿಸಿ, ಮಿಕ್ಕಿದ್ದೆಲ್ಲ ಅಳಿಸಿ.

ಕರೆಂಟ್ ಬಗ್ಗೆ ಮಲೆನಾಡಿನವರಿಗೆ ಹೇಳುವಂಥದ್ದೇನಿಲ್ಲ. ಯುಪಿಎಸ್ ಇಡಿ. ಗುಡುಗು ಶುರುವಾದರೆ ಆಟ ನಿಲ್ಲಿಸಿ, ಪ್ಲಗ್ ಜೊತೆಗೆ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಿ.

ಇಷ್ಟೆಲ್ಲ ನೋಡಿದ ಮೇಲೂ ಸಿಗದಿದ್ದರೆ ಬಲ್ಲವರನ್ನು ಕೇಳಿ. ಬರೀ "ಲ್ಯಾಂಡಿಂಗ್ ಆಗ್ತಿಲ್ಲ" ಅಂದರೆ ಯಾರೂ ಏನೂ ಹೇಳಲಾರರು. ಯಾವ ಸಿಮ್, ಯಾವ ವಿಮಾನ, ಇಂಧನ ಎಷ್ಟು, ಅಂಚು ದಾಟುವಾಗ ವೇಗ ಎಷ್ಟು, ಕೆಡುವುದು ಯಾವಾಗಲೂ ಒಂದೇ ಕಡೆಗಾ ಅನ್ನುವುದು ತಿಳಿಸಿ. ವಿಡಿಯೋ ಕಳಿಸುವುದಾದರೆ ಹೊರಗಿನಿಂದ ತೆಗೆದ ಚೆಂದದ್ದು ಬೇಡ. ಕಾಕ್‌ಪಿಟ್ ಒಳಗಿನದ್ದು, ವೇಗದ ಮುಳ್ಳು ಮತ್ತು ಚೆಂಡು ಕಾಣುವ ಹಾಗೆ, ಕಂಟ್ರೋಲ್ ಚೌಕ ತೆರೆದಿಟ್ಟು, ಕೊನೆಯ ಒಂದು ನಿಮಿಷ ಪೂರ್ತಿ ಇರಲಿ.